ಎಲ್ಲಿಂದ ಬಂದರೂ

ನಮ್ಮ ಊರಿನಲ್ಲಿ ಹೊಟ್ಟೆನೋವು ಬರುವುದೇ ಇದ್ದರೆ ಗುರುವಾರ ಹನ್ನೊಂದು ಗಂಟೆಯ ಒಳಗೆ ಬರಬೇಕು. ಹನ್ನೊಂದಕ್ಕೆ ಮುದ್ರೆ ಕಚೇರಿಯ ಗಂಟೆ ಹೊಡೆಯುತ್ತದೆ. ಆ ವಾರ ಯಾವ ಪೇಟೆಂಟಿನ ಮೇಲೆ ಮುದ್ರೆ ಬಿತ್ತೋ ಆ ವಸ್ತು ಆ ಕ್ಷಣದಿಂದ ಇಪ್ಪತ್ತು ವರ್ಷ ಅದರ ಒಡೆಯರ ಕೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಓಮಿನ ಕಾಳಿನ ಸಾರದ ಮೇಲೆ ಮುದ್ರೆ ಬಿತ್ತು. ಅವ್ವ ಓಮು, ಉಪ್ಪು ಅರೆದು ನನ್ನ ಬಾಯಿಗೆ ಹಾಕುವಷ್ಟರಲ್ಲಿ ಗಂಟೆ ಕೇಳಿಸಿತು. ಕಾಳಿನ ಖಾರ ಇತ್ತು, ಘಮ ಇತ್ತು, ಗುಣ ಮಾತ್ರ ಇರಲಿಲ್ಲ. "ಹೋತು ಬಿಡವಾ, ಇನ್ನ ನಿನ್ನ ಮದವಿ ಹೊತ್ತಿಗೆ ವಾಪಸ್ ಬರತೈತಿ" ಎಂದು ಅವ್ವ ಸೆರಗಿಗೆ ಕೈ ಒರೆಸಿಕೊಂಡು ಕಂಪನಿಯ ಗುಳಿಗೆ ತರಲು ಹೊರಟಳು.

ಆಮೇಲೆ ಇಪ್ಪತ್ತು ವರ್ಷ ಓಮು ನಮ್ಮೂರಲ್ಲಿ ಭಜಿಗೆ ಮಾತ್ರ ಬಿದ್ದಿತು. ಬಿಡುಗಡೆಯಾದ ದಿನ ಜನ ಬೇಕೆಂದೇ ಹೊಟ್ಟೆ ಬಿರಿಯುವಷ್ಟು ತಿಂದು, ನೋವು ತರಿಸಿಕೊಂಡು, ಓಮು ಜಗಿದು, ತೇಗಿ ನಕ್ಕರು. ಹುಟ್ಟಿದಾಗಿನಿಂದ ಅಂಥದ್ದು ಕಂಡಿರದ ಹುಡುಗರು ಬೆರಗಾಗಿ ನೋಡಿದರು. ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಿಸಿಲೇಕೆ ಸುಡುತ್ತದೆ ಎಂದು ಕೇಳುತ್ತೇವೆಯೇ?

ಆ ಮುದ್ರೆಗೆ ಬೇಕಾದ ಬರಹ ಬರೆಯುವುದು ನನ್ನ ಕಸುಬು. ನನ್ನ ಬೋರ್ಡಿನ ಮೇಲೆ "ನೀಲಾಂಬಿಕಾ ಹೊಸಕೇರಿ, ಪೇಟೆಂಟ್ ವಕೀಲರು, ಔಷಧ ಮತ್ತು ಜೈವಿಕ ತಂತ್ರಜ್ಞಾನ" ಎಂದಿತ್ತು. ಊರವರು ಬೇಲಿ ವಕೀಲಬಾಯಿ ಎನ್ನುತ್ತಿದ್ದರು. ಆ ಹೆಸರಿನಲ್ಲಿ ತಪ್ಪೇನಿಲ್ಲ. ವಿಜ್ಞಾನಿ ಬಾವಿ ತೋಡುತ್ತಾನೆ, ನಾವು ಸುತ್ತ ಬೇಲಿ ಹಾಕುತ್ತೇವೆ. ಬೇಲಿ ಬಾವಿಯ ಕಟ್ಟೆಗೇ ಅಂಟಿದರೆ ಪಕ್ಕದವನು ಎರಡು ಮೊಳ ಸರಿದು ಅದೇ ಸೆಲೆಗೆ ಇನ್ನೊಂದು ಬಾವಿ ತೋಡುತ್ತಾನೆ. ತೀರ ದೂರ ಹಾಕಿದರೆ ಯಾರದೋ ಹಿತ್ತಲು ಒಳಗೆ ಬಂದುಬಿಡುತ್ತದೆ. ಅರ್ಜಿಯ ಕೊನೆಯಲ್ಲಿ "ಇಷ್ಟು ನಮ್ಮದು" ಎಂದು ಹೇಳುವ ಸಾಲುಗಳಿರುತ್ತವೆ, ಅವೇ ಬೇಲಿ. ಮೂತ್ರದ ಕಲ್ಲು ಕರಗಿಸುವ ಕಿಣ್ವ, ಸಕ್ಕರೆ ಕಾಯಿಲೆಗೆ ಯೀಸ್ಟಿನಲ್ಲಿ ಬೆಳೆಸಿದ ಇನ್ಸುಲಿನ್, ಕುದುರೆಯ ರಕ್ತದಿಂದ ತೆಗೆದ ಹಾವಿನ ವಿಷದ ಮದ್ದು, ಹೀಗೆ ಮೂವತ್ತೊಂದು ವರ್ಷ ನಾನು ಹಾಕಿದ ಒಂದು ಬೇಲಿಯನ್ನೂ ಯಾರೂ ದಾಟಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಈಗಲೂ ಒಂದಿಷ್ಟು ಉಬ್ಬುತ್ತದೆ. ಸುಳ್ಳು ಯಾಕೆ ಹೇಳಲಿ.

ನನಗೆ ಈ ವಿದ್ಯೆ ಕಲಿಸಿದವರು ಇನಾಮತಿ ಸರ್. ಅವರ ಮನೆ ಕಚೇರಿಯ ಹಿಂದಿನ ಓಣಿಯಲ್ಲಿ. ಯಾವ ಹೊತ್ತಿಗೆ ಹೋದರೂ ಪಡಸಾಲೆಯಲ್ಲಿ ಕೂತು ಮಂಚಕ್ಕೆ ನವಾರ ಹೆಣೆಯುತ್ತಿರುತ್ತಾರೆ. ಊರಿನ ಅರ್ಧ ಜನ ಮಲಗುವುದು ಅವರು ಹೆಣೆದ ಮಂಚದ ಮೇಲೆ. ಅವರು ಮಾತ್ರ ಮಲಗಿ ಮೂವತ್ತಮೂರು ವರ್ಷವಾಯಿತು. ನಾನು ಅವರ ಬಳಿ ಸೇರುವ ಎರಡು ವರ್ಷ ಮೊದಲು, ಒಂದು ನಿದ್ದೆಯ ಮದ್ದಿಗೆ ಅವರು ಬೇಲಿ ಬರೆದಿದ್ದರು. ನಿದ್ದೆ ತರಿಸುವ ಆ ವಸ್ತು ಮನುಷ್ಯರ ತಲೆಯೊಳಗೂ ಊರುತ್ತದೆ ಎಂಬುದನ್ನು ಮರೆತು "ಎಲ್ಲಿಂದ ಬಂದರೂ" ಎಂದು ಒಂದು ಮಾತು ಸೇರಿಸಿದ್ದರು. ಗುರುವಾರ ಹನ್ನೊಂದಕ್ಕೆ ಊರಿನ ನಿದ್ದೆ ಕಂಪನಿಯ ಸ್ವತ್ತಾಯಿತು.

ಒಂಬತ್ತು ದಿನ ತಡೆದು, ಹತ್ತನೆಯ ದಿನ ಸರ್ ಮುದ್ರೆ ಕಚೇರಿಗೆ ಹೋಗಿ ಕೆಂಪು ಪುಸ್ತಕ ತರಿಸಿದರು. ಬಿದ್ದ ಮುದ್ರೆಯಲ್ಲಿ ಒಂದಕ್ಷರ ತಿದ್ದಲು ಬರುವುದಿಲ್ಲ. ಆದರೆ ಬೇಲಿ ಬರೆದವರು ತಮ್ಮ ಕೈಯಾರೆ ಆ ಪುಸ್ತಕದಲ್ಲಿ "ನಾನು ನಮ್ಮದಲ್ಲದ್ದಕ್ಕೂ ಬೇಲಿ ಹಾಕಿದೆ, ಕಿತ್ತಿದ್ದೇನೆ" ಎಂದು ಬರೆದರೆ ಇಡೀ ಬೇಲಿ ಬೀಳುತ್ತದೆ. ವಸ್ತು ಎಲ್ಲರದ್ದಾಗುತ್ತದೆ, ಕಿತ್ತವರನ್ನು ಬಿಟ್ಟು. ಅವರಿಗೆ ಅದು ಇಪ್ಪತ್ತು ವರ್ಷವಲ್ಲ, ಸಾಯುವ ತನಕ ಮುಚ್ಚಿರುತ್ತದೆ. ಅವತ್ತು ಮಧ್ಯಾಹ್ನ ನಾಲ್ಕಕ್ಕೆ ಊರು ನಿಂತಲ್ಲೇ ಮಲಗಿತಂತೆ. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡೇ ಜನ ಗೊರಕೆ ಹೊಡೆದರು. ಸರ್ ಒಬ್ಬರೇ ಅವರ ನಡುವೆ ದಾರಿ ಮಾಡಿಕೊಂಡು ಮನೆಗೆ ನಡೆದರು. ಎಚ್ಚರದಿಂದ ಸತ್ತವರಿಲ್ಲ, ಅವರೂ ಸಾಯಲಿಲ್ಲ. ಕಣ್ಣು ಮಾತ್ರ ಒಣಗಿದ ಕೆರೆಯ ತಳದ ಹಾಗೆ ಬಿರಿದಿವೆ.

ನಾನು ಸೇರಿದ ಮೊದಲ ದಿನವೇ ಅವರು ಹೇಳಿದ್ದರು: "ನೀಲವ್ವ, ಏನರೆ ಬರಿ, ಎಲ್ಲಿಂದ ಬಂದರೂ ಅಂತ ಬರೀಬ್ಯಾಡ." ಹತ್ತು ವರ್ಷ ನಾನು ಬರೆಯಲಿಲ್ಲ. ಹನ್ನೊಂದನೆಯ ವರ್ಷ ಕುದುರೆಯ ರಕ್ತದ ಮದ್ದಿಗೆ ಬರೆದೆ. ಏನೂ ಆಗಲಿಲ್ಲ. ಕುದುರೆಗಳೇನು ನಮ್ಮ ಮನೆಗೆ ಬಂದು ದೂರು ಹೇಳುತ್ತವೆಯೇ. ಆಮೇಲೆ ಆ ಮಾತು ನನ್ನ ಪೆನ್ನಿಗೆ ರೂಢಿಯಾಯಿತು.

ಡಾಕ್ಟರ್ ಫರ್ಜಾನಾ ಮುಲ್ಲಾ ನನ್ನ ಬಳಿ ಬಂದದ್ದು ಎರಡು ವರ್ಷದ ಹಿಂದೆ. ಊರ ಹೊರಗಿನ ಹಳದಿ ಕಟ್ಟಡದ ಕಂಪನಿಯಲ್ಲಿ ವಿಜ್ಞಾನಿ, ಮಾತು ಕಡಿಮೆ, ಟೇಬಲ್ಲಿನ ಮೇಲಿನ ಪಿನ್ನುಗಳನ್ನು ಸಾಲಾಗಿ ಜೋಡಿಸುತ್ತ ಮಾತಾಡುವ ಹೆಂಗಸು. ಹೆತ್ತ ತಾಯಿಯ ಕುತ್ತಿಗೆ, ತೋಳಿನ ಸಂದಿಯಲ್ಲಿ ಒಂದು ವಸ್ತು ಹುಟ್ಟುತ್ತದೆ, ಅದರ ವಾಸನೆ ಮೂಗಿಗೆ ಹೋದರೆ ಅಳುವ ಕೂಸು ಸುಮ್ಮನಾಗುತ್ತದೆ, ಮೊಲೆ ಹುಡುಕುತ್ತದೆ. ಅದನ್ನು ಆಕೆ ಹೆಸರಿಟ್ಟು, ಅಳೆದು, ಯೀಸ್ಟಿನಲ್ಲಿ ಬೆಳೆಸಿದ್ದಳು. ಹತ್ತಿಯ ಪಟ್ಟಿಯ ಮೇಲೆ ಒಂದು ಹನಿ ಸಾಕು.

"ತಾಯಿ ಇಲ್ಲದ ಕೂಸುಗಳಿಗಂತ ಮಾಡೀನ್ರಿ ಮೇಡಂ. ದವಾಖಾನ್ಯಾಗ ಅವು ಅಳೂದು ನೋಡಲಿಕ್ಕೆ ಆಗಂಗಿಲ್ಲ" ಎಂದಳು.

"ಬಟ್ಟಿ ಮ್ಯಾಲ ಎಷ್ಟ ದಿನ ಉಳಿತೈತಿ?"

"ಪೆಟ್ಟಿಗ್ಯಾಗ ಮುಚ್ಚಿಟ್ರ ವರ್ಷಗಟ್ಟಲೆ ಉಳಿತೈತ್ರಿ."

ನನಗೆ ತಟ್ಟನೆ ನನ್ನ ಕೌದಿ ನೆನಪಾಯಿತು. ಅವ್ವ ತೀರಿಕೊಳ್ಳುವ ಮುನ್ನ ತನ್ನ ಹಳೆಯ ಸೀರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ ಅದು. ಹತ್ತೊಂಬತ್ತು ವರ್ಷದಿಂದ ನನ್ನ ಟ್ರಂಕಿನಲ್ಲಿದೆ. ಹೊದೆಯುವುದಿಲ್ಲ, ಒಗೆಯುವುದಿಲ್ಲ. ಅರ್ಜಿಯೊಂದು ತಿರಸ್ಕಾರವಾದ ದಿನ, ಗಂಡ ತೀರಿಕೊಂಡ ದಿನ, ಮಗಳನ್ನು ಕಳಿಸಿಕೊಟ್ಟ ದಿನ ಟ್ರಂಕಿನ ಮುಚ್ಚಳ ತೆಗೆದು ಅದರಲ್ಲಿ ಮುಖ ಇಟ್ಟಿದ್ದೇನೆ. ಅವ್ವ ಅಲ್ಲಿ ಇರುತ್ತಿದ್ದಳು. ಐವತ್ತೆಂಟು ವರ್ಷದ ಹೆಂಗಸು ನಾನು, ಅಲ್ಲಿಗೆ ಹೋದರೆ ಕೂಸು.

ಕೌದಿ ನೆನೆದು ನಾನು ಮಾಡಬೇಕಾದದ್ದು ಒಂದಿತ್ತು, ಮಾಡಿದ್ದು ಇನ್ನೊಂದು. ಕಾಲುವೆಯಾಚೆಯ ಇನ್ನೊಂದು ಕಂಪನಿಯವರು ಬಾಣಂತಿಯರ ರವಿಕೆ ತೊಳೆದ ನೀರಿನಿಂದ ಇದೇ ವಸ್ತು ತೆಗೆಯಲು ಹೊಂಚುತ್ತಿದ್ದಾರೆಂದು ಫರ್ಜಾನಾ ಹೇಳಿದ್ದಳು. ಅವರಿಗೆ ಸಂದಿಯೂ ಸಿಗಬಾರದು ಎಂದು ಸಾಲಿನ ಕೊನೆಗೆ "ಎಲ್ಲಿಂದ ಬಂದರೂ, ಯಾವ ಬಟ್ಟೆಯಲ್ಲಿ ಉಳಿದಿದ್ದರೂ" ಎಂದು ಸೇರಿಸಿದೆ. ಸೇರಿಸಿ, ಚಹಾ ತರಿಸಿ ಕುಡಿದೆ. ನಮ್ಮ ಕಸುಬಿನವರಿಗೆ ಎದುರಾಳಿಯ ಬಾವಿ ಕಾಣುವಷ್ಟು ಚೆನ್ನಾಗಿ ಸ್ವಂತ ಹಿತ್ತಲು ಕಾಣುವುದಿಲ್ಲ.

ಮುದ್ರೆಗೆ ಮುಂಚೆ ತೊಂಬತ್ತು ದಿನ ಬರಹವನ್ನು ಮುದ್ರೆ ಕಚೇರಿಯ ಹಲಗೆಗೆ ತೂಗುಹಾಕುತ್ತಾರೆ. ತಕರಾರು ಇದ್ದವರು ಹೇಳಬಹುದು. ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರೂ ಓದುವುದಿಲ್ಲ, ಓದಬಾರದೆಂದೇ ನಾವು ಹಾಗೆ ಬರೆಯುತ್ತೇವೆ. ನನ್ನ ಮಗಳು ಶಿವಲೀಲಾ ಆಗ ಬಾಣಂತನಕ್ಕೆಂದು ನನ್ನ ಮನೆಗೆ ಬಂದಿದ್ದಳು. ಎಂಟು ತಿಂಗಳ ಹೊಟ್ಟೆ ಹೊತ್ತು, ತರಕಾರಿ ಚೀಲ ಹಿಡಿದು ಹಲಗೆಯ ಮುಂದೆ ನಿಂತು ಒಂದು ಪುಟ ಓದಿ ಮನೆಗೆ ಬಂದು ನಕ್ಕಳು.

"ಅವ್ವಾ, ಒಂದೂವರಿ ಪುಟಕ್ಕ ಒಂದು ವಾಕ್ಯ ಬರದೀಯಲ್ಲ! ಓದೂದರಾಗ ನನಗ ಹೆರಿಗಿ ಆಗತಿತ್ತು."

ನಾನೂ ನಕ್ಕೆ.

ಮುದ್ರೆ ಬಿದ್ದ ಗುರುವಾರ ಮೊಮ್ಮಗಳಿಗೆ ಮೂವತ್ತನಾಲ್ಕು ದಿನ. ಬೆಳಿಗ್ಗೆ ನಾನು ಮನೆ ಬಿಡುವಾಗ ಲೀಲಾ ಅವಳಿಗೆ ಎಣ್ಣೆ ತಿಕ್ಕಿ ಎರೆದು, ಧೂಪದ ಹೊಗೆ ಹಿಡಿದು, ಎದೆಗೆ ಅವಚಿಕೊಂಡು ಕೂತಿದ್ದಳು. ಹನ್ನೊಂದಕ್ಕೆ ಗಂಟೆ ಹೊಡೆಯಿತು. ನಾನು ಕಚೇರಿಯಲ್ಲಿ ಬೇರೊಂದು ಅರ್ಜಿ ತಿದ್ದುತ್ತಿದ್ದೆ. ಒಂದು ಗಂಟೆಗೆ ಊಟಕ್ಕೆಂದು ಹೊರಟವಳು ಓಣಿಯ ತಿರುವಿನಲ್ಲಿ ನಿಂತುಬಿಟ್ಟೆ. ಎಡಗಡೆಯ ಮನೆಯಿಂದ ಕೂಸಿನ ಅಳು. ಬಲಗಡೆಯಿಂದ ಅಳು. ಹಿಂದಿನ ಓಣಿಯಿಂದ, ಮೇಲಿನ ಮಾಳಿಗೆಯಿಂದ, ದವಾಖಾನೆಯ ಕಡೆಯಿಂದ, ಎಲ್ಲ ಕಡೆಯಿಂದಲೂ ಅದೇ. ಹಸಿವಿನ ಅಳು ಬೇರೆ, ಹೊಟ್ಟೆನೋವಿನ ಅಳು ಬೇರೆ. ಇದು ಸಂತೆಯಲ್ಲಿ ತಾಯಿಯನ್ನು ಕಳೆದುಕೊಂಡ ಮಗುವಿನ ಅಳು. ಬಿರುಬಿಸಿಲಿನಲ್ಲಿ ಮನೆಯ ಕಡೆ ಓಡಿದೆ.

ಮನೆಯಲ್ಲಿ ಲೀಲಾ ಕೂಸನ್ನು ಎದೆಗೆ ಒತ್ತಿಕೊಂಡು ಪಡಸಾಲೆಯ ಉದ್ದಕ್ಕೂ ತಿರುಗುತ್ತಿದ್ದಳು. ಕೂಸು ಎರಡೂ ಕೈಯಿಂದ ಅವಳನ್ನು ದೂಡುತ್ತಿತ್ತು. ಮೊಲೆಗೆ ಹಚ್ಚಿದರೆ ಮುಖ ತಿರುಗಿಸಿ ಕಿರುಚುತ್ತಿತ್ತು.

"ನೋಡಬೇ, ಎರಡ ತಾಸಿನಿಂದ ಹಿಂಗ ಮಾಡಾಕತ್ತೈತಿ. ಯಾರೋ ಕಂಡವರ ಕೈಯಾಗ ಸಿಕ್ಕಂಗ ಮಾಡತೈತಿ. ನನಗ ಏನಾಗೈತಿ? ನಾ ಏನ್ ಮಾಡೀನಿ?"

ನಾನು ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದೆ. ಕೌದಿಯಲ್ಲಿ ಮುಖ ಇಟ್ಟೆ. ಬಟ್ಟೆ ಇತ್ತು, ದಾರ ಇತ್ತು, ಹೊಲಿಗೆ ಇತ್ತು. ಯಾರೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯನ್ನು ನೆಟ್ಟವಳು ನಾನು.

ನಮ್ಮೂರವರ ಜಾಣತನ ನೋಡಬೇಕು. ಶುಕ್ರವಾರ ಬೆಳಿಗ್ಗೆ ಹಳದಿ ಕಟ್ಟಡದವರು ಪಟ್ಟಿಗಳ ಅಂಗಡಿ ತೆರೆದಾಗ ಜನ ಬೈಯಲಿಲ್ಲ, ಕಲ್ಲು ತೂರಲಿಲ್ಲ. ಸಾಲಾಗಿ ನಿಂತು ಪಟ್ಟಿ ತಂದು ರವಿಕೆಗೆ ಹೊಲಿದುಕೊಂಡರು. "ಇನ್ನ ಇಪ್ಪತ್ತು ವರ್ಷ ಹಿಂಗ" ಎಂದರು, ಓಮಿಗೆ ಹೇಳಿದಂತೆಯೇ. ಮಧ್ಯಾಹ್ನದ ಹೊತ್ತಿಗೆ ಊರಿನ ಅಳು ನಿಂತಿತು. ಆ ಸದ್ದಿಲ್ಲದ ಊರು ಅಳುವ ಊರಿಗಿಂತ ಭಯ ಹುಟ್ಟಿಸಿತು. ಎರಡೇ ದಿನದಲ್ಲಿ ಇನ್ನೊಂದು ಅನುಕೂಲ ಕಂಡುಕೊಂಡರು: ಪಟ್ಟಿಯನ್ನು ತೊಟ್ಟಿಲಿಗೆ ಕಟ್ಟಿದರೂ ಸಾಕು, ಕಿಟಕಿಯ ಸರಳಿಗೆ ಕಟ್ಟಿದರೂ ಸಾಕು. ಕೂಸುಗಳು ಕಿಟಕಿಯ ಸರಳನ್ನು ನೋಡಿ ನಗತೊಡಗಿದವು. ಪೋಲಿಯೋ ಹನಿ ಹಾಕುವ ದಿನ ಎಲ್ಲ ತಾಯಂದಿರ ಮೈಯಲ್ಲೂ ಒಂದೇ ವಾಸನೆ. ಯಾವ ಕೂಸನ್ನು ಯಾರು ಎತ್ತಿಕೊಂಡರೂ ಒಂದೇ ಸಮನೆ ನಗು. ಅಂಚೆಯ ಗುರಪ್ಪ ತಮಾಷೆಗೆಂದು ಅಂಗಿಗೆ ಪಟ್ಟಿ ಸಿಕ್ಕಿಸಿಕೊಂಡು ಬಂದರೆ ಎಂಟು ಕೂಸುಗಳು ಅವನ ಕಡೆ ಕೈ ಚಾಚಿದವು. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ತನ್ನ ಕೂಸನ್ನು ಅವನ ಕೈಯಿಂದ ಕಸಿದುಕೊಂಡು, ಅದರ ಕಾಲ್ಗೆಜ್ಜೆ ನೋಡಿ ತನ್ನದೇ ಹೌದೆಂದು ಖಾತ್ರಿ ಮಾಡಿಕೊಂಡು ಮನೆಗೆ ಓಡಿದಳು.

ಲೀಲಾ ಮಾತ್ರ ಪಟ್ಟಿ ತರಿಸಲಿಲ್ಲ. "ನನ್ನ ಕೂಸಿಗೆ ನಾನ ಸಾಕು" ಎಂದು ಹಟ ಹಿಡಿದಳು. ಮೂರು ದಿನ ಒಳಲೆಗೆ ಹಾಲು ಹಿಂಡಿ ಕುಡಿಸಲು ನೋಡಿದೆವು. ಕೂಸು ಉಗುಳಿತು. ಅತ್ತು ಅತ್ತು ಅದರ ದನಿ ಕುಗ್ಗಿ, ಬಾಗಿಲಿನ ತಿರುಗಣೆ ಕಿರುಗುಟ್ಟಿದಂತಾಯಿತು. ನೆತ್ತಿಯ ಸುಳಿ ಒಳಗೆ ಸರಿಯಿತು. ನಾಲ್ಕನೆಯ ದಿನ ನಾನೇ ಹೋಗಿ ಪಟ್ಟಿ ತಂದು ಮಗಳ ಮುಂದಿಟ್ಟೆ. ಅವಳು ರವಿಕೆಗೆ ಸಿಕ್ಕಿಸಿಕೊಂಡಳು. ಕೂಸು ಎರಡು ಸಲ ಬಿಕ್ಕಿ, ಮೂಗರಳಿಸಿ, ಗಬಕ್ಕನೆ ಮೊಲೆ ಹಿಡಿಯಿತು. ನನಗೆ ಉಸಿರು ಬಂತು. ಲೀಲಾಳ ಕಣ್ಣಿಂದ ನೀರು ಕೂಸಿನ ಕೆನ್ನೆಯ ಮೇಲೆ ಬೀಳುತ್ತಿತ್ತು.

"ನೋಡಬೇ. ಕಣ್ಣ ನೋಡ ಅದರದ್ದು. ನನ್ನ ನೋಡವಲ್ಲದು, ಪಟ್ಟಿ ನೋಡತೈತಿ. ನಾ ಇದಕ್ಕ ಹಾಲಿನ ಗಡಿಗಿ ಅಷ್ಟ." ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಇದನ್ನ ಬರದವರು ಯಾರ ಅವ್ವಾ? ನಿನಗ ಗೊತ್ತಿರಬೇಕಲ್ಲ?"

ಗೊತ್ತಿಲ್ಲ ಎಂದೆ. ಹಲಗೆಯ ಮುಂದೆ ನಿಂತು ನಕ್ಕದ್ದು ಅದೇ ಬರಹಕ್ಕೆ ಎಂದು ಅವಳಿಗೆ ಹೊಳೆದಿರಲಿಲ್ಲ. ನನ್ನ ಮಗಳಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೊಂದೇ.

ಮರುದಿನ ಫರ್ಜಾನಾ ತಾನಾಗಿಯೇ ನನ್ನ ಕಚೇರಿಗೆ ಬಂದಳು. ಪಿನ್ನುಗಳನ್ನು ಮುಟ್ಟಲಿಲ್ಲ.

"ತಾಯಿ ಇಲ್ಲದ ಕೂಸಿಗೆ ತಾಯಿ ಕೊಡಬೇಕಂತ ಮಾಡಿದ್ದೆ. ಈಗ ಊರಾಗಿನ ಎಲ್ಲಾ ಕೂಸುಗಳೂ ತಾಯಿಲ್ಲದ ಪರದೇಶಿ ಆಗ್ಯಾವ. ನಾ ತೋಡಿದ್ದು ಸಣ್ಣ ಬಾವಿರಿ ಮೇಡಂ. ಬೇಲಿ ನೀವು ಹಾಕಿದ್ದು."

"ಕಿತ್ತರ ನಿಮ್ಮ ಹನ್ನೆರಡು ವರ್ಷದ ಕೆಲಸ ಯಾರ ಬೇಕಾದವರ ಪಾಲಾಗತೈತಿ" ಎಂದೆ. ಅವಳ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದೇ ಎಂದು ಒಂದು ಗಳಿಗೆ ನೋಡಿದ್ದು ನಿಜ.

"ಆಗಲಿ" ಎಂದು ಎದ್ದು ಹೋದಳು.

ನಾನು ಇನಾಮತಿ ಸರ್ ಮನೆಗೆ ಹೋದೆ. ಅವರು ಅರ್ಧ ಹೆಣೆದ ಮಂಚದ ಚೌಕಟ್ಟಿನ ಮೇಲೆ ಬಗ್ಗಿದ್ದರು. ನಾನು ಬಾಯಿ ಬಿಡುವ ಮೊದಲೇ "ಬರದೀ ಹೌದಲ್ಲ?" ಎಂದರು.

"ಬರದೆ ಸರ್."

ಬೈದಿದ್ದರೆ ಚೆನ್ನಾಗಿತ್ತು. ನವಾರದ ತುದಿಯನ್ನು ನನ್ನ ಕೈಗೆ ಕೊಟ್ಟು ಎಳೆದು ಹಿಡಿ ಎಂದರು. ಹಿಡಿದೆ. ಅವರು ಹೆಣೆದರು.

"ಕಿತ್ತರ ಏನೇನ ಹೋಗತೈತಿ ಲೆಕ್ಕಾ ಹಾಕೀಯೇನು?"

"ಮೊಮ್ಮಗಳು ನನ್ನ ಕೈಯಾಗ ಸುಮ್ಮನಾಗಂಗಿಲ್ಲ. ಯಾವ ಕೂಸೂ ಆಗಂಗಿಲ್ಲ. ಮುಚ್ಚಿದ ಮೈ ಹತ್ರ ಬಂದ್ರ ಸಾಕು, ಚೀರತಾವ."

"ಅಷ್ಟ ಏನು?"

"ಅವ್ವನ ಕೌದಿ" ಎಂದೆ. "ಇಪ್ಪತ್ತು ವರ್ಷ ಕಾದರ ನನಗ ಎಪ್ಪತ್ತೆಂಟು. ಆವಾಗರ ವಾಪಸ್ ಸಿಗತಿತ್ತು. ಕಿತ್ತರ ಅದೂ ಇಲ್ಲ."

ಸರ್ ನವಾರದ ಇನ್ನೊಂದು ಸುತ್ತು ಬಿಗಿದು ನನ್ನ ಕಡೆ ನೋಡಿದರು. ರೆಪ್ಪೆ ಬಡಿಯದ ಆ ಕಣ್ಣುಗಳನ್ನು ನೋಡಿಕೊಂಡು ಕೂರುವುದು ನನಗೆ ಎಂದೂ ಸಲೀಸಾಗಿರಲಿಲ್ಲ.

"ನಿಮಗ ಪಶ್ಚಾತ್ತಾಪ ಆಗೈತೇನ್ರಿ ಸರ್?" ಎಂದು ಕೇಳಿದೆ.

"ದಿನಾ ಆಗತೈತಿ" ಎಂದರು. "ಆಗಿಲ್ಲ ಅಂತ ಹೇಳಿದ್ರ ನೀ ಧೈರ್ಯ ತಗೊಂತೀ ಅಂತ ಗೊತ್ತೈತಿ. ಆದರ ಮೂವತ್ತಮೂರು ವರ್ಷ ಎಚ್ಚರಿದ್ದವ ಸುಳ್ಳು ಹೇಳಿ ಏನ್ ಮಾಡಲಿ? ಪಶ್ಚಾತ್ತಾಪ ಆಗತೈತಿ. ಆದರೂ ಅವತ್ತಿನ ದಿನಾ ಮತ್ತ ಬಂದರ ಮತ್ತ ಅದನ್ನ ಮಾಡತೇನಿ. ಎರಡೂ ಖರೇನ."

ಅವರ ಮನೆಯಿಂದ ನಾನು ಸೀದಾ ಮುದ್ರೆ ಕಚೇರಿಗೆ ಹೋಗಲಿಲ್ಲ. ಮನೆಗೆ ಬಂದು ಒಂದು ಪಟ್ಟಿಯನ್ನು ನನ್ನ ಸೆರಗಿಗೆ ಸಿಕ್ಕಿಸಿಕೊಂಡು ಕೂಸನ್ನು ಎತ್ತಿಕೊಂಡೆ. ಕೊನೆಯ ಸಲ ಎಂಬ ಆಸೆ. ಅದು ನಕ್ಕಿತು. ಅಜ್ಜಿಗಲ್ಲ, ಸೆರಗಿಗೆ. ಕಿಟಕಿಯ ಸರಳಿಗೆ ಕೊಡುವ ನಗುವನ್ನೇ ನನಗೂ ಕೊಟ್ಟಿತು. ಕೆಳಗೆ ಮಲಗಿಸಿ ಟ್ರಂಕಿನ ಕಡೆ ನೋಡಿದೆ. ಅವ್ವನನ್ನೂ ಒಮ್ಮೆ ಮೂಸಿ ಹೋಗೋಣವೆಂದರೆ ಆ ಬಾಗಿಲನ್ನು ಆಗಲೇ ಮುಚ್ಚಿದ್ದೆ. ಯಾವತ್ತು ಕೊನೆಯ ಸಲ ಮೂಸಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾವುದೋ ಸಾಮಾನ್ಯ ದಿನವಿರಬೇಕು.

ಮುದ್ರೆ ಕಚೇರಿಯ ಗುಮಾಸ್ತ ಮಡಿವಾಳೆಪ್ಪ ಕೆಂಪು ಪುಸ್ತಕ ಎಂದ ಕೂಡಲೇ ಕನ್ನಡಕ ತೆಗೆದು ನನ್ನನ್ನು ನೋಡಿದ. ಮೂವತ್ತೊಂದು ವರ್ಷದಲ್ಲಿ ಅವನ ಮುಂದೆ ನಾನು ನೂರಾರು ಅರ್ಜಿ ಇಟ್ಟಿದ್ದೇನೆ. ನನ್ನ ಅಕ್ಷರವನ್ನು ಕತ್ತಲೆಯಲ್ಲೂ ಗುರುತಿಸುತ್ತೇನೆ ಎಂದು ಚೇಷ್ಟೆ ಮಾಡುತ್ತಿದ್ದವನು.

"ಅಕ್ಕಾರ, ಇದನ್ನ ನಾ ನೌಕರಿಗೆ ಸೇರಿದ ವರ್ಷ ಒಮ್ಮೆ ಕಪಾಟಿನಿಂದ ತಗದೀನಿ. ಆಮ್ಯಾಲ ಮುಟ್ಟಿಲ್ಲ. ಇನ್ನೊಮ್ಮೆ ವಿಚಾರ ಮಾಡ್ರಿ. ಬರದ ಮ್ಯಾಲ ನಿಮ್ಮ ಬೋರ್ಡೂ ಇಳಸಬೇಕಾಗತೈತಿ."

"ನಿನ್ನ ಮೊಮ್ಮಗ ಎಷ್ಟ ತಿಂಗಳದವನು ಮಡಿವಾಳೆಪ್ಪ?"

"ಐದ್ರಿ."

"ನಿನ್ನ ಸೊಸಿ ಪಟ್ಟಿ ಹಚ್ಚಿಕೊಂಡಾಳೇನು?"

ಅವನು ಹೋಗಿ ಪುಸ್ತಕ ತಂದು ಧೂಳು ಒರೆಸಿದ. ಮೊದಲ ಪುಟದಲ್ಲಿ ಇನಾಮತಿ ಸರ್ ಅಕ್ಷರದಲ್ಲಿ ಒಂದೇ ಸಾಲು. ಅದರ ಕೆಳಗೆ ನಾನು ಬರೆದೆ: "ನಾನು ನಮ್ಮದಲ್ಲದ್ದಕ್ಕೂ ಬೇಲಿ ಹಾಕಿದೆ, ಕಿತ್ತಿದ್ದೇನೆ." ನನ್ನ ಜೀವಮಾನದಲ್ಲಿ ಬರೆದ ಅತಿ ಚಿಕ್ಕ ವಾಕ್ಯ ಅದು. ಕೆಳಗೆ ಹೆಸರು ಬರೆದೆ.

ಮನೆಗೆ ನಡೆದು ಬರುವಾಗ ಓಣಿ ಓಣಿಯಲ್ಲಿ ಕೂಸುಗಳು ಒಮ್ಮೆಲೆ ಅತ್ತವು. ತೊಟ್ಟಿಲಲ್ಲಿ, ಕಿಟಕಿಯ ಕೆಳಗೆ ಒಂಟಿಯಾಗಿ ಮಲಗಿದ್ದವಕ್ಕೆ ಪಕ್ಕದ ಪಟ್ಟಿ ತಾಯಿಯಲ್ಲ, ತಾಯಿ ಅಡಿಗೆಮನೆಯಲ್ಲಿದ್ದಾಳೆ ಎಂಬುದು ಆ ಕ್ಷಣ ಮತ್ತೆ ಗೊತ್ತಾಗಿತ್ತು. ಹೆಂಗಸರು ಹಿಟ್ಟಿನ ಕೈಯಲ್ಲೇ ಓಡಿ ಎತ್ತಿಕೊಂಡದ್ದು ಬಾಗಿಲುಗಳಿಂದ ಕಾಣಿಸಿತು. ಅಳು ಒಂದೊಂದೇ ಮನೆಯಲ್ಲಿ ನಿಂತಿತು. ಒಬ್ಬಳು ರವಿಕೆಯಿಂದ ಪಟ್ಟಿ ಕಿತ್ತು ಗಟಾರಕ್ಕೆ ಎಸೆದಳು. ನಾನು ಹತ್ತಿರ ಹೋದ ಮನೆಗಳಲ್ಲಿ ಮಾತ್ರ ಸುಮ್ಮನಾದ ಕೂಸು ಮತ್ತೆ ಬಿಕ್ಕುತ್ತಿತ್ತು. ನಾನು ರಸ್ತೆಯ ನಡುವಿಗೆ ಸರಿದು ನಡೆದೆ.

ಲೀಲಾ ಪಡಸಾಲೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದಳು. ಪಟ್ಟಿ ನೆಲದ ಮೇಲೆ ಬಿದ್ದಿತ್ತು. ಕೂಸು ಕುಡಿಯುತ್ತ ಕುಡಿಯುತ್ತ ಕಣ್ಣೆತ್ತಿ ತಾಯಿಯ ಮುಖ ನೋಡುತ್ತಿತ್ತು. "ಅವ್ವಾ, ಬಾ ಇಲ್ಲಿ, ನೋಡ ಇದನ್ನ! ನನ್ನ ನೋಡಾಕತ್ತೈತಿ!" ಎಂದು ಲೀಲಾ ಕೂಗಿದಳು. ನಾನು ಎರಡು ಹೆಜ್ಜೆ ಮುಂದೆ ಇಟ್ಟೆ. ಕೂಸು ಮೊಲೆ ಬಿಟ್ಟು ಕಿರುಚಿತು. ಹಿಂದೆ ಸರಿದೆ. ಸುಮ್ಮನಾಯಿತು. ಮತ್ತೆ ಮುಂದೆ ಹೋಗಲಿಲ್ಲ.

ಲೀಲಾ ನನ್ನನ್ನು ನೋಡಿದಳು, ನೆಲದ ಮೇಲಿನ ಪಟ್ಟಿ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಬೇಲಿ ವಕೀಲೆಯ ಮಗಳು, ಕೆಂಪು ಪುಸ್ತಕದ ಕತೆ ಕೇಳುತ್ತ ಬೆಳೆದವಳು. ಹೊಸ್ತಿಲಲ್ಲಿ ನಿಂತೇ ನಾನು ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎರಡು ದಿನ ತಟ್ಟೆಗೆ ರೊಟ್ಟಿ ಹಾಕಿ ಪಡಸಾಲೆಯ ತುದಿಯಲ್ಲಿಟ್ಟು ಹೋಗುತ್ತಿದ್ದಳು. ನಾನು ನನ್ನ ಕೋಣೆಯಲ್ಲಿ ಉಣ್ಣುತ್ತಿದ್ದೆ. ನಾನು ಹೊರಗೆ ಬಂದರೆ ಅವಳು ಕೂಸನ್ನೆತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅವಳು ಮಾಡುತ್ತಿದ್ದದ್ದು ಸರಿಯೇ. ಬೋರ್ಡು ಇಳಿಸಿ ತಂದು ಗೋಡೆಗೆ ತಿರುವಿ ಇಟ್ಟೆ.

ಮೂರನೆಯ ದಿನ ಮಧ್ಯಾಹ್ನ ನಾನು ಟ್ರಂಕಿನಿಂದ ಕೌದಿ ತೆಗೆದು ಹೊಸ್ತಿಲ ಆಚೆಗೆ ಸರಿಸಿದೆ. "ನನಗಂತೂ ಉಪಯೋಗಿಲ್ಲ. ಅದಕ್ಕರೆ ಹಾಸು" ಎಂದೆ. ಲೀಲಾ ಅದನ್ನು ನೆಲಕ್ಕೆ ಹಾಸಿ ಕೂಸನ್ನು ಮಲಗಿಸಿದಳು. ನನ್ನ ಸುಳಿವಿಗೇ ಮುಖ ಕಿವುಚಿಕೊಂಡಿದ್ದ ಕೂಸು ಮೂಗರಳಿಸಿತು. ಕೌದಿಯ ಒಂದು ಮೂಲೆಯನ್ನು, ಅವ್ವನ ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡನ್ನು, ಮುಷ್ಟಿಯಲ್ಲಿ ಹಿಡಿದು ಕೆನ್ನೆ ಹಚ್ಚಿತು. ಕಣ್ಣು ಮುಚ್ಚಿತು. ನಾನು ಹೊಸ್ತಿಲಲ್ಲೇ ಇದ್ದೆ, ಆದರೂ ಅಳಲಿಲ್ಲ. ಅವ್ವ ಅದನ್ನು ಹಿಡಿದುಕೊಂಡಿದ್ದಳು.

ಲೀಲಾ ಕೌದಿಗೆ ಬಾಗಿ ಮೂಸಿದಳು. ಅವಳಿಗೂ ಅಜ್ಜಿ ಸಿಕ್ಕಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ತಲೆ ಎತ್ತಿದಾಗ ಕಣ್ಣು ತುಂಬಿತ್ತು. ಮೂರು ದಿನದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಹೆಂಗೈತಿ?" ಎಂದೆ.

"ಹೇಳಾಕ ಬರಂಗಿಲ್ಲವಾ ಅದು."

"ಬರತೈತಿ. ನಿಧಾನ ಹೇಳು. ನಾ ಬರಕೊಂತೀನಿ."

ನಾನು ಹೊಸ್ತಿಲಿನ ಈಚೆ ಕೂತು ಪೆನ್ನು ತೆಗೆದೆ. ಲೀಲಾ ಕಣ್ಣು ಮುಚ್ಚಿ ಮತ್ತೆ ಮೂಸಿ ಒಂದೊಂದಾಗಿ ಹೇಳಿದಳು: ಒಲೆಯ ಹೊಗೆ, ಜೋಳದ ಹಿಟ್ಟು, ಎಲೆ ಅಡಿಕೆ, ಬೆವರು, ಓಮು. ಓಮು ಎಂದಾಗ ಒಮ್ಮೆ ತಡೆದು, ಹೌದು, ಓಮು ಎಂದಳು. ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಅಭ್ಯಾಸಬಲದಿಂದ ಪೆನ್ನು "ಇಷ್ಟು ನಮ್ಮದು" ಎಂದು ಬರೆಯಲು ಹೊರಟಿತು. ನಿಲ್ಲಿಸಿ, ಹಾಳೆ ಮಡಚಿ, ಮೂಗಿಗೆ ಹಿಡಿದೆ. ಮಸಿಯ ವಾಸನೆ ಬಂತು.